ಕರಿಬೇವು ತರುವ ಕಾರು

ಸ್ಟಾರ್ಟ್ ಆಗದ ಕಾರಿನ ಬಾನೆಟ್ ಮುಚ್ಚಿ ಮೆಕ್ಯಾನಿಕ್ ಕೇಳಿದ: "ಅಕ್ಕಾ, ದಿನಾ ಎಷ್ಟು ದೂರ ಓಡಿಸ್ತೀರ?"

"ಆ ಮೂಲೆ ಅಂಗಡಿವರೆಗೆ, ಕರಿಬೇವು ತರೋಕೆ. ಅಲ್ಲೇ ಎಂಜಿನ್ ಆಫ್ ಮಾಡಿ ಒಬ್ಳೇ ಕೂತು ನಾಲ್ಕು ಹಾಡು ಕೇಳ್ತೀನಪ್ಪ. ಮನೇಲಿ ಮಕ್ಕಳು ಬಚ್ಚಲಿಗೂ ಹಿಂದೇನೇ ಬರ್ತಾವೆ."

"ಅಷ್ಟೇ ಓಡಿದ್ರೆ ಬ್ಯಾಟರಿ ಚಾರ್ಜ್ ಎಲ್ಲಾಗತ್ತೆ? ಬಿಸಿಯಾಗದೆ ಎಂಜಿನ್ನೂ ಸವೆಯುತ್ತೆ. ದಿನಾ ಅರ್ಧ ಗಂಟೆ ಸುಮ್ನೆ ಓಡಿಸ್ಬೇಕು."

"ಹಾಡಿನ ವಿಷಯ ಬಿಟ್ಟು, ಅರ್ಧ ಗಂಟೆ ಮಾತನ್ನ ನಮ್ಮನೆಯವರ ಮುಂದೆ ಸ್ವಲ್ಪ ಗಟ್ಟಿಯಾಗಿ ಹೇಳು."

ಅವನು ಗಟ್ಟಿಯಾಗಿಯೇ ಹೇಳಿದ. ಕಂಕುಳಿಗೊಂದು ಮಗು ಹೊತ್ತು ನಿಂತಿದ್ದ ನಮ್ಮನೆಯವರ ಮುಖ ಅರಳಿತು. ಇಬ್ಬರನ್ನೂ ನನ್ನ ಕೈಗೆ ದಾಟಿಸಿ, ಕೀ ತೆಗೆದುಕೊಂಡರು.

"ನಿಂಗ್ಯಾಕೆ ಆ ತೊಂದ್ರೆ? ಇನ್ಮೇಲೆ ದಿನಾ ನಾನೇ ಓಡಿಸ್ತೀನಿ."