ಔಷಧದ ಹೆಪ್ಪು

ಸರ್ಕಾರ ಔಷಧದ ಹೆಪ್ಪನ್ನು ಕಾಯಿಲೆಯವರಿದ್ದ ಮನೆಗಳಿಗೆ ಕೊಟ್ಟು ಆರು ವರ್ಷವಾಗಿತ್ತು. ರಾತ್ರಿ ಹಾಲಿಗೆ ಒಂದು ಚಮಚ ಬೆರೆಸಿಟ್ಟರೆ, ಬೆಳಿಗ್ಗೆ ಗಡಿಗೆಯಲ್ಲಿ ಸಕ್ಕರೆ ಕಾಯಿಲೆಯ ಔಷಧ ಗಟ್ಟಿ ಮೊಸರಾಗಿ ಕೂತಿರುತ್ತಿತ್ತು. ಒಂದು ದಿನ ಅದು ತಪ್ಪಿದರೂ ಫಕೀರವ್ವನ ಅತ್ತೆ ತಲೆಸುತ್ತಿ ಬೀಳುತ್ತಿದ್ದಳು.

ಇವತ್ತು ಹಬ್ಬಕ್ಕೆಂದು ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕುವಾಗ, ನಾಳೆಗೆಂದು ಹೆಪ್ಪು ಉಳಿಸಿದ್ದ ಆ ಗಡಿಗೆಯನ್ನೂ ಫಕೀರವ್ವ ತೊಳೆದುಬಿಟ್ಟಳು. ಆಸ್ಪತ್ರೆಯಲ್ಲಿ ಹೊಸದು ಸಿಗುವುದು ಸೋಮವಾರವೇ. ಓಣಿಯಲ್ಲಿ ಅದು ಇದ್ದದ್ದು ಪಕ್ಕದ ಮನೆಯ ಸಂಗವ್ವನಲ್ಲಿ ಮಾತ್ರ. ಬಚ್ಚಲ ನೀರಿನ ಜಗಳವಾಗಿ ಎರಡೂ ಮನೆಗಳ ನಡುವೆ ಮೂರು ವರ್ಷದಿಂದ ಮಾತಿರಲಿಲ್ಲ.

ಹಿಂಜರಿಯುತ್ತಲೇ ಸಂಜೆಯಾಯಿತು. ದೀಪ ಹಚ್ಚಿದ ಮೇಲೆ ಆ ಊರಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ಫಕೀರವ್ವ ಹೊರಬಂದಾಗ ಓಣಿಯ ತುಂಬ ದೀಪ ಹಚ್ಚಿಯಾಗಿತ್ತು. ಆದರೂ ಬಟ್ಟಲು ಹಿಡಿದು ಹೋದಳು.

ಸಂಗವ್ವನ ಮನೆ ಮಾತ್ರ ಕತ್ತಲಾಗಿತ್ತು.

“ಚಿಗವ್ವ, ಹೆಪ್ಪು...”

“ಹೊತ್ತು ಮುಳುಗೂತನಕ ಏನ್ ಮಾಡ್ತಿದ್ದೆವಾ? ಮುಂಜಾನೆ ನೀ ಆ ಗಡಿಗಿ ತಿಕ್ಕೂದು ನೋಡೇ ಅಂದ್ಕೊಂಡೆ, ಹುಡುಗಿ ಬರ್ತಾಳ ಅಂತ. ಬಟ್ಟಲ ಹಿಡಿ ಮೊದ್ಲ. ನಿಮ್ಮತ್ತಿ ಸಲುವಾಗಿ ದೇವರ್ನ ಕತ್ತಲದಾಗ ಕುಂದ್ರಿಸೀನಿ.”

ಬಟ್ಟಲಿಗೆ ಹೆಪ್ಪು ಬಿದ್ದ ಮೇಲೆಯೇ ಸಂಗವ್ವ ಕಡ್ಡಿ ಗೀರಿದಳು.