ಹುಲ್ಲು ಕಟ್ಟದ ಗಾಡಿ

"ಕಡಾಣಿ ಕಿತ್ತೋನ ಕೈ ಸೇದೋಗ್ಲಿ!" ಎಂದಳು ಮುನಿತಾಯಮ್ಮ, ಮಾರಲು ತಂದ ವೀಳ್ಯದೆಲೆಯ ಮೇಲೆ ನೀರು ಚಿಮುಕಿಸುತ್ತ. "ಮೊನ್ನೆ ಸಂತೆಯಿಂದ ಹೋಗೋವಾಗ ಪಿಳ್ಳಪ್ಪನ ಗಾಡಿ ಚಕ್ರ ಕಳಚಿ ಹಳ್ಳಕ್ಕೆ ಬಿತ್ತಂತೆ. ಕಾಲು ಮುರ್ಕೊಂಡು ಮಲಗವ್ನೆ."

"ಯಾರು ಹೇಳಿದ್ದು?" ಎಂದ ಸೊಣ್ಣಪ್ಪ.

"ಊರೇ ಹೇಳ್ತೈತೆ. ಯುದ್ಧ ಬಂದಾಗಿಂದ ಕಬ್ಬಿಣ ಅಂದ್ರೆ ಬಾಯ್ಬಿಡ್ತಾರಲ್ಲ, ಯಾವನೋ ಕಳ್ ನನ್ಮಗ ಕದ್ದಿರ್ತಾನೆ. ನೀನು ಕಿತ್ತಿದ್ರೆ ನೊಗಕ್ಕೆ ಹುಲ್ಲು ಕಟ್ಟಿರ್ತಿದ್ದೆ ಬಿಡು. ನಿನ್ ಕೆಲಸ ನಂಗೊತ್ತಿಲ್ವಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಸೊಣ್ಣಪ್ಪನ ಪಂಚೆಯ ಗಂಟಿನಲ್ಲಿ ಬೆರಳುದ್ದದ ಕಡಾಣಿಯೊಂದು ಎರಡು ದಿನದಿಂದ ಸೊಂಟಕ್ಕೆ ಒತ್ತುತ್ತಿತ್ತು.

ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ನೇಕಾರರು ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ಪೆಟ್ರೋಲು ಸಿಗದೆ, ಇದ್ದಿಲ ಹೊಗೆಯಿಂದ ಓಡುವ ಒಂದೆರಡು ಬಸ್ಸುಗಳಷ್ಟೇ ಉಳಿದ ಮೇಲೆ ಸಂತೆಗೆ ಬರುವ ಎತ್ತಿನ ಗಾಡಿಗಳು ಎರಡರಷ್ಟಾದವು. ಬೀದಿಯಲ್ಲೇ ನಿಲ್ಲಿಸುವುದು, ಎತ್ತು ಹೋಗಿ ನೂಲಿಗೆ ಬಾಯಿ ಹಾಕುವುದು, ದಿನಾ ಜಗಳ. ಕೊನೆಗೆ ಪೇಟೆಯ ಯಜಮಾನರು ಆದಿನಾರಾಯಣಪ್ಪನವರು ಕೆರೆ ಬದಿಯ ಬಯಲನ್ನು ಗಾಡಿಗಳಿಗೆ ಬಿಡಿಸಿ, ಸೊಣ್ಣಪ್ಪನನ್ನು ಕಾವಲಿಗೆ ಇಟ್ಟರು. ಬೀದಿಯಲ್ಲಿ ಗಾಡಿ ಕಂಡರೆ, ಚಕ್ರ ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿಯನ್ನು ಕಿತ್ತುಕೊಳ್ಳಬೇಕು. ಗೊತ್ತಿಲ್ಲದೆ ಹೂಡಿಕೊಂಡು ಹೋಗದಿರಲಿ ಎಂದು ನೊಗಕ್ಕೆ ಹುಲ್ಲು ಕಟ್ಟಬೇಕು.

"ದುಡ್ಡು ಕೇಳ್ಬೇಡ," ಎಂದಿದ್ದರು ಯಜಮಾನರು. "ನಾಲ್ಕು ಜನರ ಮುಂದೆ ತಪ್ಪಾಯ್ತು ಅನ್ನಿಸಿ ವಾಪಸ್ ಕೊಡು. ಅದಕ್ಕಿಂತ ದೊಡ್ಡ ಜುಲ್ಮಾನೆ ಇಲ್ಲ."

ಹಾಗೇ ನಡೆದಿತ್ತು. ಮೀಸೆ ಹೊತ್ತ ಗೌಡರೂ ತಲೆ ತಗ್ಗಿಸಿ ಗೊಣಗುವರು. "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಪ್ಪೋ!" ಎಂದು ಮುನಿತಾಯಮ್ಮ ಕೂಗುವಳು.

ಮೊನ್ನೆ, ಮೇಲೆ ಬಿದಿರಿನ ಕಮಾನು ಹೊದಿಕೆಯಿಲ್ಲದ ಗಾಡಿಯೊಂದು ನೂಲಿಗೆ ಅಡ್ಡ ನಿಂತಿತ್ತು. ಎತ್ತುಗಳನ್ನು ಬಿಚ್ಚಿ ನೀರಿಗೆ ಒಯ್ದಿದ್ದರು. ಸೊಣ್ಣಪ್ಪ ಎಡಗಾಲಿಯ ಕಡಾಣಿ ಕಿತ್ತ. ಹುಲ್ಲು ಹಿರಿಯುವಷ್ಟರಲ್ಲಿ ಬಯಲಲ್ಲಿ ಎರಡು ಎತ್ತು ಕಾದಾಡುತ್ತಿವೆಯೆಂದು ಗದ್ದಲ. ಓಡಿದ. ತಿರುಗಿ ಬಂದಾಗ ಗಾಡಿ ಇರಲಿಲ್ಲ. ಕಡಾಣಿ ಕೇಳಲು ಯಾರೂ ಬರಲೇ ಇಲ್ಲ.

"ಪಿಳ್ಳಪ್ಪನ್ನ ನೋಡ್ಕೊಂಡ್ ಬರ್ತೀನಿ," ಎಂದು ಎದ್ದ.

"ಹತ್ತು, ನಾನೂ ಅಲ್ಲಿಗೇ ಹೊರಟಿದ್ದೀನಿ." ಆದಿನಾರಾಯಣಪ್ಪನವರ ಗಾಡಿ ಬಂದು ನಿಂತಿತ್ತು. ಆಳು ಇರಲಿಲ್ಲ, ಹಗ್ಗ ತಾವೇ ಹಿಡಿದಿದ್ದರು.

"ಕಮಾನು ಜೋರಾಗೈತೆ, ಯಜಮಾನ್ರೇ!" ಎಂದಳು ಮುನಿತಾಯಮ್ಮ.

"ಮೇದರೋನು ನಾಲ್ಕು ದಿನ ಇಟ್ಕೊಂಡಿದ್ದು ನಿನ್ನೆ ಹೆಣೆದು ಕೊಟ್ಟ." ಅವರು ಶಲ್ಯ ಸರಿಮಾಡಿಕೊಂಡರು. ಅದರ ಕೆಂಪಂಚು ಒಂದು ಕಡೆ ಹರಿದು ಹೋಗಿತ್ತು. ಬಟ್ಟೆ ಸಿಗದ ಕಾಲ, ಯಜಮಾನರಿಗೂ ಹರುಕೇ ಗತಿ ಎಂದುಕೊಂಡ ಸೊಣ್ಣಪ್ಪ.

"ಎಡಗಡೆ ಬೇಡ, ಬಲಗಡೆ ಕೂತ್ಕೊ," ಎಂದರು ಯಜಮಾನರು.

ದೊಡ್ಡಬೆಳವಂಗಲದ ದಾರಿಯಲ್ಲಿ ಎರಡು ಮೈಲಿ. ಯಜಮಾನರು ಎತ್ತುಗಳನ್ನು ಓಡಿಸಲೇ ಇಲ್ಲ. ಗುಂಡಿ ಬಂದಲ್ಲೆಲ್ಲ ಇಳಿದು ಪಕ್ಕದಲ್ಲೇ ನಡೆದರು. ಇಳಿದು ಓಡಿಹೋಗೋಣ ಅನ್ನಿಸುತ್ತಿತ್ತು ಸೊಣ್ಣಪ್ಪನಿಗೆ.

"ಸೊಣ್ಣಪ್ಪ, ಆ ಕಡಾಣಿ ವಿಷಯ..."

ಸೊಣ್ಣಪ್ಪ ಸೊಂಟದ ಗಂಟನ್ನು ಅಂಗೈಯಿಂದ ಮುಚ್ಚಿಕೊಂಡ. "ಏನ್ ಯಜಮಾನ್ರೇ?"

"ಏನಿಲ್ಲ. ತಪ್ಪಾಯ್ತು ಅನ್ನೋದು ಸುಲಭಕ್ಕೆ ಬಾಯಿಗೆ ಬರೋ ಮಾತಲ್ಲ ಕಣಯ್ಯ."

ಗೊತ್ತಾಗಿದೆ. ನನ್ನ ಬಾಯಿಂದಲೇ ಬರಲಿ ಅಂತ ಕಾಯ್ತಿದಾರೆ. ಹಾಗೆಂದುಕೊಂಡು ಸೊಣ್ಣಪ್ಪ ಕೇಳಿದ, "ಯಾರಿಗಾದ್ರೂ ಹೇಳಿದೀರಾ?"

"ಯಾರಿಗೆ ಹೇಳ್ಲಿ? ಕಮ್ಮಾರ ಮುನಿಸ್ವಾಮಿ ಕಿವಿಗೆ ಒಂದು ಮಾತು ಬಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ."

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಿಳ್ಳಪ್ಪನ ಮನೆ ಮುಂದೆ ಯಜಮಾನರು ಕೆಳಗಿಳಿದು ಗಾಡಿಯ ಹತ್ತಿರವೇ ಉಳಿದರು. "ನೀನು ಹೋಗು. ಎತ್ತು ನಿಲ್ಲಲ್ಲ."

ಪಿಳ್ಳಪ್ಪ ಬಿದಿರು ದಬ್ಬೆ ಕಟ್ಟಿದ ಕಾಲು ಚಾಚಿ ಮಲಗಿದ್ದ. ಸೊಣ್ಣಪ್ಪ ಕಡಾಣಿಯನ್ನು ಚಾಪೆಯ ಮೇಲಿಟ್ಟು ಕೈ ಮುಗಿದ. "ತಪ್ಪಾಯ್ತು ಪಿಳ್ಳಪ್ಪ. ಕಿತ್ತೋನು ನಾನು. ಹುಲ್ಲು ಕಟ್ಟೋದು ಮರೆತೆ. ನಿನ್ ಕಾಲು ಹೋಗಿದ್ದು ನನ್ನಿಂದ."

ಪಿಳ್ಳಪ್ಪ ಮಿಕಿಮಿಕಿ ನೋಡಿದ. ಆಮೇಲೆ ನಗಲು ಹೋಗಿ, ನೋವಿಗೆ "ಅಯ್ಯೋ" ಎಂದ.

"ಲೇ, ಇದ್ಯಾವ್ದೋ ಇದು? ನನ್ ಗಾಡಿ ಹಿತ್ತಲಲ್ ನಿಂತೈತೆ, ನೋಡ್ಹೋಗು. ಎರಡೂ ಕಡಾಣಿ ಗಟ್ಟಿಯಾಗವೆ. ಇದ್ದಿಲ ಬಸ್ಸು ಬುಸ್ ಅಂತು, ಎತ್ತು ಬೆದರ್ತು, ಗಾಡಿ ಹಳ್ಳಕ್ಕಿಳೀತು. ಚಕ್ರ ಕಳಚ್ತು ಅಂದೋರ್ಯಾರು?"

"ಊರೇ ಹೇಳ್ತೈತೆ."

"ಊರು ನನ್ ಜೊತೆ ಗಾಡೀಲಿತ್ತಾ?"

ಸೊಣ್ಣಪ್ಪನಿಗೆ ಅಳು ಬಂತು. ಹಿಂದೆಯೇ ಭಯವೂ ಬಂತು. "ಹಂಗಾದ್ರೆ ಇದು ಯಾರದ್ದು?"

"ಯಾವನೋ ಇನ್ನೂ ಹಂಗೇ ಗಾಡಿ ಹೊಡೀತಾವ್ನೆ. ಹೋಗಿ ಹುಡುಕೋ ಮಾರಾಯ. ಅವನ ಕಾಲಾದ್ರೂ ಉಳೀಲಿ."

ಹೊರಗೆ ಯಜಮಾನರು ಗಾಡಿಯ ಎಡ ಚಕ್ರಕ್ಕೆ ಬೆನ್ನು ಒತ್ತಿ ನಿಂತಿದ್ದರು. "ಏನಂದ?"

"ಅವನದಲ್ಲವಂತೆ." ಸೊಣ್ಣಪ್ಪ ಅಂಗೈ ಬಿಚ್ಚಿ ಕಡಾಣಿ ತೋರಿಸಿದ.

ಯಜಮಾನರು ಅದನ್ನು ನೋಡಿ, ಸುತ್ತ ಕಣ್ಣಾಡಿಸಿದರು. "ಇಲ್ಲಿ ನಾಲ್ಕು ಜನ ಇದಾರಾ, ಸೊಣ್ಣಪ್ಪ?"

ಬಾಗಿಲಲ್ಲಿ ಪಿಳ್ಳಪ್ಪನ ಹೆಂಡತಿ, ಜಗಲಿಯಲ್ಲಿ ಅವನವ್ವ, ಬೇಲಿಯಾಚೆ ಇಬ್ಬರು. "ಇದಾರೆ ಯಜಮಾನ್ರೇ. ಯಾಕೆ?"

ಆದಿನಾರಾಯಣಪ್ಪನವರು ಪಕ್ಕಕ್ಕೆ ಸರಿದರು. ಅಚ್ಚಿನ ತುದಿಯಲ್ಲಿ, ಕಡಾಣಿ ಇರಬೇಕಾದ ತೂತಿನಲ್ಲಿ, ಕೆಂಪಂಚಿನ ಬಟ್ಟೆ ಸುತ್ತಿದ ಬೇವಿನ ಕಡ್ಡಿಯೊಂದು ಸಿಕ್ಕಿಸಿತ್ತು.