ಒಂದೇ ಕೋಲಿನ ರಸ್ತೆ

ಹಸಿರು ಕೋಲು ಕಾಣೆಯಾಗಿ ಅರ್ಧ ಗಂಟೆಯಾಗಿತ್ತು. ರಸ್ತೆಯ ಎರಡು ತುದಿಯಲ್ಲೂ ವಾಹನಗಳು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದವು. ನಡುವಿನ ರಸ್ತೆ ಮಾತ್ರ ಖಾಲಿ.

ಪೈಪು ಹಾಕಲು ಅರ್ಧ ರಸ್ತೆ ಅಗೆದಿದ್ದರು. ಉಳಿದರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯವರು ಹೋಗಬೇಕು. ಸಾಲಿನ ಕೊನೆಯ ವಾಹನದವರ ಕೈಗೆ ಕೋಲು ಕೊಡುವುದು, ಅವರು ಅದನ್ನು ಆಚೆ ತುದಿಗೆ ಮುಟ್ಟಿಸುವುದು, ಆಮೇಲೆ ಆ ಕಡೆಯವರು ಹೊರಡುವುದು. ಮೊದಲು ಇದೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಒಂದು ದಿನ ಎರಡೂ ಕಡೆಯವರನ್ನು ಒಟ್ಟಿಗೆ ಬಿಟ್ಟಿದ್ದರಿಂದ ಕಾರೊಂದು ಗುಂಡಿಗೆ ಬಿತ್ತು. ಈ ತುದಿಯಲ್ಲಿ ಬಾವುಟ ಹಿಡಿದು ಕೋಲು ಕೊಡುವ ಅಕ್ಕನ ಗಂಡ ಅದೇ ಗುಂಡಿಯಲ್ಲಿ ಪೈಪು ಜೋಡಿಸುವವನು. ಅವತ್ತು ಊಟಕ್ಕೆ ಎದ್ದುಹೋಗಿದ್ದರಿಂದ ಬದುಕಿದ. ಅಂದಿನಿಂದ ಅವನ ಪ್ರಾಣ ಆ ಕೋಲಿನಲ್ಲೇ ಇದೆಯೆಂದು ಅವಳು ನಂಬಿದ್ದಳು.

"ಹೋದ್ರೆ ಹೋಯ್ತು, ಇನ್ನೊಂದು ಮಾಡೋಣ," ಎಂದ ಎಂಜಿನಿಯರ್.

"ಬೇಡ ಸಾರ್. ಹಳೇದು ಸಿಕ್ಕಿಬಿಟ್ರೆ ಎರಡಾಗತ್ತೆ. ಒಂದು ಒರೆಗೆ ಎರಡು ಕತ್ತಿ ಹಿಡಿಸಲ್ಲ. ನಾನು ಹುಡುಕ್ಕೊಂಡು ಬರ್ತೀನಿ, ಅಲ್ಲೀವರೆಗೆ ಯಾರನ್ನೂ ಬಿಡಬೇಡಿ."

"ಒಂದು ಕೋಲಿಗೋಸ್ಕರ ಇಷ್ಟು ಜನ ನಿಲ್ಲಬೇಕೇನಮ್ಮಾ?"

"ನಿಂತ್ರೆ ಯಾರೂ ಸಾಯಲ್ಲ ಸಾರ್."

ಅವಳು ಕೋಲು ಕೊಟ್ಟಿದ್ದ ಕೊನೆಯ ಸ್ಕೂಟರ್ ನಿವೃತ್ತ ಮೇಷ್ಟ್ರದು. ಮನೆ ರಸ್ತೆಯ ನಡುವೆಯೇ ಇದ್ದುದರಿಂದ ಅವರು ಆಚೆ ತುದಿ ಮುಟ್ಟುವ ಗೋಜಿಗೇ ಹೋಗಿರಲಿಲ್ಲ. ಅವಳು ಹೋಗಿ ನೋಡಿದಾಗ, ಧೂಳಿಗೆ ಹೆದರಿ ಮೂರು ತಿಂಗಳಿಂದ ಮುಚ್ಚಿಟ್ಟಿದ್ದ ಅವರ ಮನೆ ಕಿಟಕಿ ಇವತ್ತು ತೆರೆದಿತ್ತು. ಅದು ಮುಚ್ಚಿಕೊಳ್ಳದಂತೆ ಹಸಿರು ಕೋಲನ್ನು ಒತ್ತುಕೊಟ್ಟಿದ್ದರು.

"ಐದು ನಿಮಿಷ ಇರಮ್ಮಾ," ಮೇಷ್ಟ್ರು ಪಿಸುಗುಟ್ಟಿದರು. "ಎಷ್ಟು ದಿನದ ಮೇಲೆ ಈ ಕಡೆ ಗಲಾಟೆ ಇಲ್ಲ! ನಮ್ಮವಳಿಗೆ ಈಗಷ್ಟೇ ನಿದ್ದೆ ಹತ್ತಿದೆ."

ಅವಳಿಗೆ ಅಯ್ಯೋ ಅನಿಸಿತು. ಆದರೂ ಕೋಲು ಎಳೆದುಕೊಂಡಳು. ಕಿಟಕಿ ಧಡ್ಡನೆ ಮುಚ್ಚಿತು. ಅಷ್ಟರಲ್ಲಿ ಫೋನ್ ಬಂತು.

"ಹುಡುಕೋದು ಬೇಡಮ್ಮಾ!" ಎಂಜಿನಿಯರ್ ಹಿರಿಹಿರಿ ಹಿಗ್ಗಿದ್ದ. "ಒಂದೇ ಇದ್ರೆ ತಾನೆ ಕಳೆಯೋದು? ಆ ಕಡೆಗೊಂದು, ಈ ಕಡೆಗೊಂದು ಮಾಡಿಸಿಬಿಟ್ಟೆ. ಎಲ್ಲರಿಗೂ ಕಾಣ್ಲಿ ಅಂತ ಸಾಲಿನ ಮೊದಲ ಗಾಡಿಯವರ ಕೈಗೇ ಕೊಟ್ಟಿದೀನಿ. ಇನ್ಮೇಲೆ ಯಾರೂ ಯಾರಿಗೂ ಕಾಯೋ ಹಾಗಿಲ್ಲ!"

ಅವಳು ಬಿದ್ದಂಬೀಳ ಗುಂಡಿಯತ್ತ ಓಡಿದಳು. ಅತ್ತಲಿಂದ ನೀರಿನ ಟ್ಯಾಂಕರ್, ಇತ್ತಲಿಂದ ಬಸ್ಸು ಬಂದು ಗುಂಡಿಯ ಅಂಚಿನಲ್ಲೇ ಮೂತಿಗೆ ಮೂತಿ ತಾಗಿಸಿ ನಿಂತವು. ಇಬ್ಬರು ಡ್ರೈವರ್‌ಗಳೂ ಕಿಟಕಿಯಿಂದ ಹಸಿರು ಕೋಲು ಹೊರಚಾಚಿ, "ನಂದು ಸರಿ, ನೀನು ಹಿಂದೆ ಹೋಗು!" ಎಂದು ಅರಚುತ್ತಿದ್ದರು. ಅಂಚಿನ ಮಣ್ಣು ಒಳಗೆ ಉದುರತೊಡಗಿತ್ತು.

ಗುಂಡಿಯಿಂದ ಗಂಡನ ಹೆಲ್ಮೆಟ್ ಮೇಲೆದ್ದಿತು. "ಏನೇ ಇದು ಗಲಾಟೆ? ಇವರಿಬ್ಬರಲ್ಲಿ ಯಾರದು ಸರಿ?"

"ಇಬ್ಬರದೂ ಸರಿ ಕಣ್ರೀ," ಎನ್ನುತ್ತ ಅವಳು ಹಳೆಯ ಕೋಲನ್ನು ಅವನತ್ತ ಚಾಚಿದಳು. "ಅದಕ್ಕೇ ಹೇಳ್ತಿರೋದು, ಇದನ್ನ ಹಿಡ್ಕೊಂಡು ಬೇಗ ಮೇಲೆ ಬನ್ನಿ."